ಏಳನೆಯ ಚಟುವಟಿಕೆ

ನನ್ನ ಮಾವ ಪುಟ್ಟರಂಗಯ್ಯನವರನ್ನು ನಾನು ಮೊದಲು ಕಂಡದ್ದು ಹತ್ತು ವರ್ಷಗಳ ಹಿಂದೆ, ದಸರಾ ಮುಗಿದ ಮರು ಭಾನುವಾರ, ಬೆಳಿಗ್ಗೆ ಎಂಟೂ ನಲವತ್ತಕ್ಕೆ, ನಿಟ್ಟೂರಿನ ಹೊರಗೆ ರೈಲು ಹಳಿಯ ಪಕ್ಕದಲ್ಲಿರುವ ಅವರ ನವಣೆ ಹೊಲದಲ್ಲಿ. ಅಂದು ಅವರ ಮಗಳು ಮಾನಸಾಳನ್ನು ನೋಡುವ ಶಾಸ್ತ್ರವಿತ್ತು. ಹನ್ನೊಂದು ಗಂಟೆಗೆ ಬನ್ನಿ ಎಂದಿದ್ದರು. ನನ್ನ ಅಪ್ಪ ಅಮ್ಮ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ಬಸ್ಸು ಬದಲಿಸಿಕೊಂಡು ಬರುವವರಿದ್ದರು. ನಾನು ತುಮಕೂರಿನಿಂದ ಗೆಳೆಯ ಚಂದ್ರುವಿನ ಬೈಕಿನಲ್ಲಿ ಹೊರಟಿದ್ದೆ. ದಾರಿಯಲ್ಲಿ ಪಂಚರ್ ಆದರೆ, ಗೇಟು ಹಾಕಿದ್ದರೆ, ಇನ್ನೊಂದು ಸಲ ಪಂಚರ್ ಆದರೆ ಎಂದೆಲ್ಲ ಯೋಚಿಸಿ ಆರೂವರೆಗೇ ಬಿಟ್ಟಿದ್ದೆ. ಏನೂ ಆಗಲಿಲ್ಲ. (ನಾನು ಸಿದ್ಧನಾಗಿ ಕಾದಿದ್ದ ತೊಂದರೆಗಳು ನನ್ನ ಜೀವನದಲ್ಲಿ ಯಾವತ್ತೂ ಬಂದಿಲ್ಲ. ಬಂದವೆಲ್ಲ ಬೇರೆಯವು.) ಹೊತ್ತು ಕಳೆಯಲೆಂದು ಗುಬ್ಬಿಯಲ್ಲಿ ನಿಲ್ಲಿಸಿ ಎಳನೀರು ಕುಡಿದೆ. ಹೊತ್ತು ಇನ್ನೂ ಉಳಿದಿತ್ತು. ಮತ್ತೊಂದು ಕುಡಿದೆ. ಆಮೇಲೂ ಉಳಿಯಿತು.

ಮೂರು ಎಳನೀರು ಒಬ್ಬ ಮನುಷ್ಯನನ್ನು ಎಂಟು ಮೈಲಿಯ ಆಚೆ ಎಂಥ ಸ್ಥಿತಿಗೆ ತರುತ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ. ನವಣೆ ಹೊಲದ ಹತ್ತಿರ ಬೈಕು ನಿಲ್ಲಿಸಿ ಬದುವಿನ ಮೇಲೆ ಬಂದೆ. ಸುತ್ತ ಜನವಿರಲಿಲ್ಲ. ಹೊಲದ ಅಂಚಿನಲ್ಲಿ ಒಂದು ಬೆದರುಬೊಂಬೆ ನಿಂತಿತ್ತು. ಹಳೆಯ ಕೋಟು, ಮಸಿ ಬಳಿದ ಮುಖ, ಮುಖದ ತುಂಬ ಸುಣ್ಣದ ಬೊಟ್ಟು, ತಲೆಗೆ ಹರಿದ ಟವಲು, ಎರಡು ಕಡೆಗೂ ಚಾಚಿದ ಕೈ. ರಸ್ತೆಗೆ ಬೆನ್ನು ಮಾಡುವುದು ಸಭ್ಯತೆ. ಹಾಗೆ ನಿಂತರೆ ಮುಖ ಬೊಂಬೆಯ ಕಡೆಗಾಗುತ್ತಿತ್ತು. ಬೊಂಬೆಯೇ ತಾನೆ ಎಂದುಕೊಂಡು, ಎಂಟು ಅಡಿ ದೂರದಲ್ಲಿ, ಅದರ ಎದುರಿಗೇ ನನ್ನ ಜಲಬಾಧೆಯನ್ನು ಪರಿಹರಿಸಿಕೊಂಡೆ.

ಅಷ್ಟಕ್ಕೇ ಹೋಗಿದ್ದರೂ ಬಚಾವಾಗುತ್ತಿದ್ದೆ. ಇನ್ನೂ ಎರಡು ಗಂಟೆ ಹೊತ್ತಿತ್ತು. ಮಾವನಾಗುವವರ ಮುಂದೆ ಹೇಳಬೇಕಾದ ಮಾತುಗಳನ್ನು ಅಭ್ಯಾಸ ಮಾಡೋಣವೆನಿಸಿತು. ಬೊಂಬೆಗೆ ಕೈ ಮುಗಿದು ಹೇಳಿದೆ: “ನಮಸ್ಕಾರ ಸರ್. ನನ್ನ ಹೆಸರು ಭಾನುಪ್ರಕಾಶ್. ಬಿ.ಎಸ್ಸಿ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಯಾವ ದುರಭ್ಯಾಸವೂ ಇಲ್ಲ.” ಮೂರು ಸಲ ಹೇಳಿದೆ. ಒಮ್ಮೆ ವಿನಯದಿಂದ, ಒಮ್ಮೆ ಗಾಂಭೀರ್ಯದಿಂದ, ಒಮ್ಮೆ ಎರಡನ್ನೂ ಬೆರೆಸಿ.

ಹನ್ನೊಂದು ಗಂಟೆಗೆ ಮನೆಯ ಪಡಸಾಲೆಯಲ್ಲಿ ಅಪ್ಪ ಅಮ್ಮನ ಪಕ್ಕ ಕೂತಿದ್ದೆ. ಬಚ್ಚಲ ಕಡೆಯಿಂದ ಶುಭ್ರವಾದ ಪಂಚೆಯುಟ್ಟ ಹಿರಿಯರೊಬ್ಬರು ಬಂದು ಎದುರಿಗೆ ಕೂತರು. ಮುಖ ತೊಳೆದಿದ್ದರು. ಎಡಗಿವಿಯ ಹಿಂದೆ ಒಂದು ಸುಣ್ಣದ ಬೊಟ್ಟು ಉಳಿದಿತ್ತು. ನಾನು ಎದ್ದು ನಿಂತೆ. ಅಭ್ಯಾಸಬಲದಿಂದ ಬಾಯಿ ತಾನೇ ಹೊರಟಿತು: “ನಮಸ್ಕಾರ ಸರ್. ನನ್ನ ಹೆಸರು...”

“ಗೊತ್ತು ಬುಡಿ” ಎಂದರು ಪುಟ್ಟರಂಗಯ್ಯ.

ಮಗನ ಹೆಸರು ನಿಟ್ಟೂರಿನವರೆಗೂ ಹಬ್ಬಿದೆಯೆಂದು ನಮ್ಮಪ್ಪನಿಗೆ ಬಹಳ ಹೆಮ್ಮೆಯಾಯಿತು.

ಹೆಣ್ಣು ಕೊಟ್ಟರು. ಏಕೆ ಕೊಟ್ಟರೋ ತಿಳಿಯದು. ಮಗಳನ್ನು ತೋರಿಸಬೇಕಾದ ದಿನ ಮನುಷ್ಯ ಬೊಂಬೆಯ ವೇಷದಲ್ಲಿ ಹೊಲದಲ್ಲಿ ಏಕೆ ನಿಂತಿದ್ದರೆಂದೂ ಕೇಳಲಿಲ್ಲ. ಕೇಳಿದರೆ ನನ್ನ ಕಡತವನ್ನು ನಾನೇ ತೆರೆದಂತಾಗುತ್ತಿತ್ತು. ಅವರೂ ಆ ಬೆಳಗಿನ ವಿಷಯ ಎತ್ತಲಿಲ್ಲ. ಹತ್ತು ವರ್ಷ ನಾನು ಏನೇ ಹೇಳಲು ಹೊರಟರೂ ಅವರ ಉತ್ತರ ಅದೇ ಎರಡು ಮಾತು. ಸಂಬಳ ಹೆಚ್ಚಾಯಿತೆಂದರೆ ಗೊತ್ತು ಬುಡಿ. ಸೈಟು ಕೊಂಡೆನೆಂದರೆ ಗೊತ್ತು ಬುಡಿ. ಮಗಳು ತೇಜಸ್ವಿನಿ ಹುಟ್ಟಿದ ಸುದ್ದಿಯನ್ನು ಆಸ್ಪತ್ರೆಯಿಂದ ಮೊದಲು ತಿಳಿಸಿದವನು ನಾನು. ಅದಕ್ಕೂ ಅದೇ ಉತ್ತರ ಬಂತು.

ಈ ವರ್ಷದ ದಸರಾ ರಜೆಗೆ ಮೂರನೇ ತರಗತಿಯ ತೇಜಸ್ವಿನಿಯ ಶಾಲೆಯವರು ಫೋನಿಗೆ ಒಂದು ಸುತ್ತೋಲೆ ಕಳಿಸಿದರು. ಮಕ್ಕಳು ಕುಟುಂಬದೊಡನೆ ಶರತ್ಕಾಲದಲ್ಲಿ ಮಾಡಬಹುದಾದ, ಮನರಂಜನೆಯೂ ಜ್ಞಾನವೂ ದೊರೆಯುವ ಹತ್ತು ಚಟುವಟಿಕೆಗಳು. ಐದನ್ನಾದರೂ ಮಾಡಿ, ಫೋಟೋ ಅಂಟಿಸಿ, ಪ್ರತಿಯೊಂದಕ್ಕೂ ಒಂದು ಪುಟ ಬರೆಯಬೇಕು. ನನ್ನ ಅಂಕಪಟ್ಟಿಗೆ ಹೆಬ್ಬೆಟ್ಟು ಒತ್ತುವ ಮುಂಚೆ ನಮ್ಮಪ್ಪ ಕೈ ತೊಳೆದುಕೊಂಡು ಬರುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವನು ನಾನು. ಶಾಲೆಯ ಕಾಗದ ನನಗೆ ದೇವರ ಪ್ರಸಾದವಿದ್ದಂತೆ. ರುಚಿ ನೋಡುವುದಿಲ್ಲ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕುತ್ತೇನೆ. ಮಾನಸಾಳಿಗೆ ಆ ಭಕ್ತಿಯಿಲ್ಲ. ಸುತ್ತೋಲೆ ಓದಿ, ಇದನ್ನು ಬರೆದವರು ತುಮಕೂರಿನಲ್ಲಿ ಒಂದು ದಿನವಾದರೂ ಇದ್ದಾರೆಯೇ ಎಂದು ಕೇಳಿದಳು.

ಕೇಳಿದ್ದು ತಪ್ಪಲ್ಲ. ಮೊದಲನೆಯದು, ಉದುರಿದ ಕೆಂಪು ಮತ್ತು ಹಳದಿ ಎಲೆಗಳನ್ನು ಸಂಗ್ರಹಿಸುವುದು. ಎರಡನೆಯದು, ಆ ಎಲೆಗಳ ರಾಶಿಯಲ್ಲಿ ಕುಣಿಯುವುದು. ನಮ್ಮಲ್ಲಿ ಎಲೆ ಉದುರುವುದು ಮಾಘ ಕಳೆದ ಮೇಲೆ. ಆಶ್ವಯುಜದಲ್ಲಿ ಬೇಲಿಯ ಗೂಟ ಕೂಡ ಚಿಗುರಿರುತ್ತದೆ. ಎರಡು ದಿನ ಅಪ್ಪ ಮಗಳು ಸ್ಕೂಟರಿನಲ್ಲಿ ಊರೆಲ್ಲ ಸುತ್ತಿ, ಒಂದು ಕಲ್ಯಾಣಮಂಟಪದ ಬಾದಾಮಿ ಮರದ ಕೆಳಗೆ ಎರಡು ಕೆಂಪು ಎಲೆ ಸಂಪಾದಿಸಿದೆವು. ಎರಡು ಎಲೆಯ ರಾಶಿಯಲ್ಲಿ ತೇಜಸ್ವಿನಿ ಕುಣಿದಳು. ಒಂದು ಎಲೆ ಹರಿಯಿತು. ಮೂರನೆಯದಾದ ಸೇಬು ಕೀಳುವುದನ್ನು ಸೀಬೆಕಾಯಿಗೆ ತಿದ್ದಿಕೊಂಡೆವು. ನಾಲ್ಕನೆಯದು ಕುಂಬಳಕಾಯಿಯಲ್ಲಿ ಮುಖ ಕೆತ್ತುವುದು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದೆಂಬ ಪದ್ಧತಿ ನಮ್ಮಲ್ಲಿದೆಯಾದ್ದರಿಂದ ನಾನೇ ಹಾಕಿದೆ. ಎರಡು ಕಣ್ಣು ಕೆತ್ತಿ ಫೋನಿನಲ್ಲಿ ಮೂಗಿನ ಅಳತೆ ಹುಡುಕುತ್ತಿದ್ದಾಗ ಅದು ಹುಳಿಗೆ ಹೋಯಿತು. ಐದನೆಯದು ಮನೆಯೊಳಗಿನ ಅಗ್ಗಿಷ್ಟಿಕೆಯ ಮುಂದೆ ಕುಟುಂಬವೆಲ್ಲ ಕುಳಿತು ಬಿಸಿ ಪಾನೀಯ ಕುಡಿಯುವುದು. ಗ್ಯಾಸಿನ ಒಲೆಯ ಮುಂದೆ ಮೂವರೂ ನಿಂತು ಕಷಾಯ ಕುಡಿದೆವು. ಮಾನಸಾ ಫೋಟೋದಲ್ಲಿ ನಗಲಿಲ್ಲ.

ಆರನೆಯದು ಹಕ್ಕಿಗಳಿಗೆ ಕಾಳು ಕೊಡುವುದು. ಏಳನೆಯದು ಹಕ್ಕಿಗಳನ್ನು ಓಡಿಸಲು ಬೆದರುಬೊಂಬೆ ಮಾಡುವುದು. ಒಂದಾದ ಮೇಲೆ ಒಂದು ಇವನ್ನು ಮಾಡಿದರೆ ಹಕ್ಕಿಗಳು ನಮ್ಮ ಬಗ್ಗೆ ಏನೆಂದುಕೊಳ್ಳುತ್ತವೆ ಎಂದು ತೇಜಸ್ವಿನಿ ಕೇಳಿದಳು.

ಅದೇ ಹೊತ್ತಿಗೆ ನಿಟ್ಟೂರಿನಿಂದ ಅತ್ತೆ ಹನುಮಂತಮ್ಮನವರ ಫೋನು ಬಂತು. ಮಾವನವರ ಎಡಗಣ್ಣಿನ ಪೊರೆಯ ಆಪರೇಷನ್ ಆಗಿ ಎಂಟು ದಿನವಾಗಿತ್ತು. ಡಾಕ್ಟರು ಒಂದು ತಿಂಗಳು ಹೊಲದ ಕಡೆ ತಲೆ ಹಾಕಬಾರದು, ದೂಳು ಬಿದ್ದು ಕೀವಾದರೆ ಕಣ್ಣು ಉಳಿಯುವುದಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಬಲಗಣ್ಣು ಮೊದಲೇ ಮಂಜು. ಆದರೆ ಹತ್ತು ಗುಂಟೆ ನವಣೆ ತೆನೆ ತುಂಬಿ ನಿಂತಿತ್ತು. ಅದು ಅವರು ಮೂವತ್ತು ವರ್ಷದಿಂದ ಬೀಜಕ್ಕೆಂದೇ ಉಳಿಸಿಕೊಂಡು ಬಂದ ತಳಿ. ಸುತ್ತಲಿನ ಹಳ್ಳಿಯವರು ಬಂದು ಕೇಳಿ ಒಯ್ಯುತ್ತಾರೆ. ಗಿಳಿಗಳು ಆಗಲೇ ಸುಳಿವು ಹಿಡಿದಿದ್ದವು. ಮಾವನವರು ಒಂದೇ ಷರತ್ತು ಹಾಕಿದ್ದರು. ಗಿಳಿ ತೆನೆಗೆ ಬಾಯಿ ಹಾಕದಿದ್ದರೆ ಮನೆಯಲ್ಲಿರುತ್ತೇನೆ, ಹಾಕಿದರೆ ಇಳಿಯುತ್ತೇನೆ. ಕೂಲಿಯವರನ್ನು ನಿಲ್ಲಿಸೋಣವೆಂದರೆ, ಈಗಿನವರು ನಿಂತ ಕಡೆ ಫೋನು ನೋಡುತ್ತಾರೆ, ಫೋನು ನೋಡುವವನನ್ನು ಗಿಳಿ ನೋಡುವುದಿಲ್ಲ ಎಂದಿದ್ದರಂತೆ.

ಮಾನಸಾ ಫೋನಿಟ್ಟು, ಅಪ್ಪ ಹೊಲಕ್ಕೆ ಇಳಿದೇ ಇಳಿಯುತ್ತಾನೆ ಎಂದಳು. ನನಗೆ ಮಾತ್ರ ದಾರಿ ನಿಚ್ಚಳವಾಗಿ ಕಂಡಿತು. ಏಳನೆಯ ಚಟುವಟಿಕೆಯಿಂದ ಮಗಳಿಗೆ ಅಂಕ, ಮಾವನಿಗೆ ಕಣ್ಣು, ನವಣೆಗೆ ಕಾವಲು. ಹತ್ತು ವರ್ಷದ ಆ ಎರಡು ಮಾತಿನ ಬದಲು ಮೂರನೆಯದೊಂದು ಬಂದರೂ ಬರಬಹುದು. ನಾಲ್ಕು ದಿನ ರಜೆ ಹಾಕಿ ನಿಟ್ಟೂರಿಗೆ ಹೋದೆವು.

ಬೊಂಬೆಯನ್ನು ನಾನು ಮನಸ್ಸಿಗೆ ಬಂದಂತೆ ಮಾಡಲಿಲ್ಲ. ಮೊದಲು ನಕ್ಷೆ ಬರೆದೆ. ಎತ್ತರ ಐದಡಿ ಎಂಟಂಗುಲ, ಅಂದರೆ ನನ್ನಷ್ಟೇ. ಎರಡು ಬಿದಿರನ್ನು ಮೂಲಮಟ್ಟ ಹಿಡಿದು ತೊಂಬತ್ತು ಡಿಗ್ರಿಗೆ ಬಿಗಿದೆ. ತೂಗುಗುಂಡು ಬಿಟ್ಟು ನೇರ ನೋಡಿದೆ. ಎರಡಡಿ ಗುಂಡಿ ತೋಡಿ ಕಲ್ಲು ಜಡಿದೆ. ಒಳಗೆ ರಾಗಿ ಹುಲ್ಲು, ಮೇಲೆ ನನ್ನ ಫ್ಯಾಕ್ಟರಿಯ ಹಳೆಯ ಬೂದು ಸಮವಸ್ತ್ರ, ಇಸ್ತ್ರಿ ಮಾಡಿದ್ದು. ತಲೆಗೆ ಮಡಕೆ. ಅಳಿಯ ತೊಟ್ಟ ಬಟ್ಟೆಯನ್ನು ಬೊಂಬೆಗೆ ತೊಡಿಸುವುದು ಅತ್ತೆಗೆ ಇಷ್ಟವಿರಲಿಲ್ಲ. ದೋಷ ತಟ್ಟದಿರಲೆಂದು ಅಂಗಿಯ ತುದಿಯನ್ನು ಸ್ವಲ್ಪ ಸುಟ್ಟು ಕೊಟ್ಟರು. ಮಡಕೆಯ ಮೇಲೆ ಮುಖ ಬರೆದವಳು ತೇಜಸ್ವಿನಿ. ಅದು ನಗುತ್ತಿತ್ತು. ಹೆದರಿಸುವ ಬೊಂಬೆ ನಗಬಾರದೆಂದು ನಾನು ಹೇಳಿದಾಗ, ನಿಮ್ಮ ಬಟ್ಟೆ ಹಾಕಿಕೊಂಡು ಅದಾದರೂ ನಗಲಿ ಬಿಡಿ ಎಂದು ಮಾನಸಾ ಮಧ್ಯೆ ಬಾಯಿ ಹಾಕಿದಳು.

ಸಂಜೆ, ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ ಮಾವನವರಿಗೆ ವರದಿ ಒಪ್ಪಿಸಿದೆ. ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು.

“ಅದು ಅಲ್ಲಾಡೋದು ಯಾವಾಗ?”

ಅಲ್ಲಾಡುವ ಮಾತೇ ಇಲ್ಲ, ಬಿರುಗಾಳಿ ಬಂದರೂ ಕದಲುವುದಿಲ್ಲ ಎಂದು ಭರವಸೆ ಕೊಟ್ಟೆ.

“ಗೊತ್ತು ಬುಡಿ” ಎಂದರು.

ಮಾರನೆಯ ಬೆಳಿಗ್ಗೆ ತೇಜಸ್ವಿನಿ ಹೊಲದಿಂದ ಸಂತೋಷದಿಂದ ಓಡಿ ಬಂದಳು. ಆರನೆಯ ಚಟುವಟಿಕೆಯೂ ಮುಗಿಯಿತಂತೆ. ಫೋನಿನಲ್ಲಿ ಫೋಟೋ ತೋರಿಸಿದಳು. ನನ್ನ ಬೊಂಬೆಯ ಬಲಗೈ ಮೇಲೆ ಆರು ಗಿಳಿ, ಎಡಗೈ ಮೇಲೆ ಐದು, ಮಡಕೆಯ ಮೇಲೆ ಒಂದು. ಎಲ್ಲದರ ಕಾಲಲ್ಲೂ ಒಂದೊಂದು ನವಣೆ ತೆನೆ. ಕೈಗಳನ್ನು ಅಷ್ಟು ಸಮಮಟ್ಟದಲ್ಲಿ ಕಟ್ಟಿದ್ದರಿಂದ ಒಂದು ಹಕ್ಕಿಯೂ ಜಾರಿರಲಿಲ್ಲ.

ಮಾವನವರು ಸದ್ದಿಲ್ಲದೆ ಎದ್ದು ಗೂಟದಿಂದ ಟವಲು ತೆಗೆದುಕೊಂಡರು. ಮಾನಸಾ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

“ದಾಟಿ ಹೋಗಪ್ಪ ನೋಡಾನ. ಕಣ್ಣು ಹೋದ್ಮೇಲೆ ನಿನ್ ಕೈ ಹಿಡ್ಕಂಡು ತಿರುಗ್ಸೋಳು ನಾನಲ್ಲ.”

“ಹಿಡ್ಕಬ್ಯಾಡ ಕಣವ್ವ. ಬೀಜ ಹೋದ್ರೆ ಎಲ್ಲಿಂದ ತತ್ತೀಯ? ಕಣ್ಣಾದ್ರೆ ಇನ್ನೊಂದೈತೆ.”

“ಇನ್ನೊಂದ್ರಲ್ಲಿ ಬಾಗ್ಲು ಯಾವ್ದು ಗ್ವಾಡೆ ಯಾವ್ದು ಅಂತ ಹೇಳು, ಬುಡ್ತೀನಿ.”

ಹನುಮಂತಮ್ಮನವರು ಒಲೆಯ ಮುಂದಿನಿಂದಲೇ, ಈ ಮನುಷ್ಯ ತನ್ನ ಮಾತನ್ನು ಕೇಳಿದ್ದು ಮದುವೆಯ ದಿನ ಮಾತ್ರ, ಅಂದು ತಾನು ಏನೂ ಮಾತಾಡಿರಲಿಲ್ಲ ಎಂದರು. ಮಾನಸಾ ಅಳುತ್ತಿರಲಿಲ್ಲ, ಆದರೆ ಬಾಗಿಲ ಚೌಕಟ್ಟು ಹಿಡಿದಿದ್ದ ಅವಳ ಬೆರಳು ಬೆಳ್ಳಗಾಗಿದ್ದವು. ಅವಳು ಒಬ್ಬಳೇ ಮಗಳು. ನಾನು ಇಸ್ತ್ರಿ ಮಾಡಿ ನಿಲ್ಲಿಸಿದ ಬೊಂಬೆಯಿಂದ ಅವಳ ಅಪ್ಪನ ಕಣ್ಣು ಹೋಗುವುದರಲ್ಲಿತ್ತು.

ಆಗ ತೇಜಸ್ವಿನಿ, ಬೊಂಬೆಗೆ ಇನ್ನೂ ಜೀವ ಕೊಟ್ಟಿಲ್ಲ, ಅದಕ್ಕೇ ಹೀಗಾಯಿತು ಎಂದಳು. ತಾತ ಅವಳಿಗೆ ಎಲ್ಲ ಹೇಳಿದ್ದರಂತೆ. ಬೊಂಬೆ ನೆಟ್ಟ ಎರಡನೆಯ ದಿನಕ್ಕೆ ಗಿಳಿಗೆ ಧೈರ್ಯ ಬರುತ್ತದೆ. ಆಗ ಮನುಷ್ಯ ಅದೇ ಬಟ್ಟೆ ತೊಟ್ಟು, ಅದೇ ಜಾಗದಲ್ಲಿ, ಮುಖಕ್ಕೆ ಮಸಿ ಬಳಿದುಕೊಂಡು ಬೆಳಕು ಹರಿಯುವ ಮುಂಚಿನಿಂದ ನಿಲ್ಲಬೇಕು. ರೆಪ್ಪೆ ಕೂಡ ಹೊಡೆಯಬಾರದು. ಗಿಳಿಗಳ ಇಡೀ ಗುಂಪು ಇಳಿದು ಮೈಮರೆತು ತಿನ್ನುವವರೆಗೆ ಕಾಯಬೇಕು. ಆಮೇಲೆ ಒಂದೇ ಸಲ ಕೂಗಿ ಹಾರಬೇಕು. ಮನುಷ್ಯನಿಗೆ ಗಿಳಿ ಹೆದರುವುದು ಅವನು ಹೋಗುವವರೆಗೆ. ಬೊಂಬೆಗೆ ಜೀವ ಬಂದದ್ದನ್ನು ಕಂಡ ಗಿಳಿ ಹದಿನೈದು ದಿನ ಯಾವ ಬೊಂಬೆಯನ್ನೂ ನಂಬುವುದಿಲ್ಲ. ಅಷ್ಟರಲ್ಲಿ ಕೊಯ್ಲು ಮುಗಿಯುತ್ತದೆ. ನಡುವೆ ಒಂದು ಸಲ ಕದಲಿದರೆ ಮುಗಿಯಿತು, ಗಿಳಿಗಳಿಗೆ ಗುಟ್ಟು ತಿಳಿಯುತ್ತದೆ, ಆ ವರ್ಷದ ಬೆಳೆ ಹೋದಂತೆ.

ಹತ್ತು ವರ್ಷದ ಹಿಂದಿನ ಆ ಬೆಳಗು ನನ್ನ ಕಣ್ಣ ಮುಂದೆ ಬಂತು. ಎಂಟು ಅಡಿ ದೂರದಲ್ಲಿ ನಡೆದದ್ದನ್ನು, ಆಮೇಲೆ ಮೂರು ಸಲ ಕೈ ಮುಗಿಸಿಕೊಂಡದ್ದನ್ನು, ಆ ಮನುಷ್ಯ ನವಣೆಗಾಗಿ ಸಹಿಸಿಕೊಂಡು ನಿಂತಿದ್ದರು.

“ನಾಳೆ ನಾನು ನಿಲ್ತೀನಿ” ಎಂದೆ.

ಮಾವನವರು ಕನ್ನಡಕದ ಮುಖವನ್ನು ನನ್ನ ಕಡೆ ತಿರುಗಿಸಿದರು. “ಅದು ಓದಿದೋರ ಕೈಲಿ ಆಗೋ ಕೆಲ್ಸ ಅಲ್ಲ. ಓದಿದೋರಿಗೆ ಬಾಯಿ ನಿಲ್ಲಾಕಿಲ್ಲ.” ಆದರೂ ಟವಲನ್ನು ಗೂಟಕ್ಕೆ ಹಾಕಿದರು. ಒಂದು ದಿನದ ಗಡುವು ಸಿಕ್ಕಿತು.

ಮಾರನೆಯ ದಿನ ಐದೂವರೆಗೆ ಬೊಂಬೆಯನ್ನು ಬಿಚ್ಚಿ, ಇಬ್ಬನಿಯಲ್ಲಿ ನೆಂದ ನನ್ನದೇ ಸಮವಸ್ತ್ರವನ್ನು ನಾನು ತೊಟ್ಟುಕೊಂಡೆ. ಹುಲ್ಲನ್ನು ಪೂರ್ತಿ ತೆಗೆಯಲು ಹೊತ್ತಿರಲಿಲ್ಲ. ಅದು ನನ್ನೊಡನೆಯೇ ಉಳಿಯಿತು. ಮಾನಸಾ ಹಂಡೆಯ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮುಖಕ್ಕೆ ಬಳಿದಳು. ಹತ್ತು ವರ್ಷದಲ್ಲಿ ಅವಳು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ತೇಜಸ್ವಿನಿ ಸುಣ್ಣದ ಬೊಟ್ಟಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ನಾನು ಫ್ಯಾಕ್ಟರಿಯಲ್ಲಿ ಮಾಲು ನೋಡುವಂತೆಯೇ ನನ್ನನ್ನು ನೋಡಿ, ಎಡಗೈ ಸ್ವಲ್ಪ ಕೆಳಗಿದೆ ಎಂದಳು. ಬೆಳಕು ಬಂದಾಗ ಒಂದು ಫೋಟೋ ತೆಗೆದುಕೊಂಡು ಇಬ್ಬರೂ ಮನೆಗೆ ಹೋದರು.

ನಿಲ್ಲುವುದು ಕೆಲಸವೆಂದು ನಾನು ಯಾವತ್ತೂ ಭಾವಿಸಿರಲಿಲ್ಲ. ಹದಿನೈದು ನಿಮಿಷಕ್ಕೆ ಭುಜದಲ್ಲಿ ಬೆಂಕಿ ಹತ್ತಿತು. ಕಾಲಿನಿಂದ ಇರುವೆಯೊಂದು ಹತ್ತಿ, ಮೊಣಕಾಲಲ್ಲಿ ಸುಧಾರಿಸಿಕೊಂಡು, ಮೇಲಕ್ಕೆ ಹೊರಟಿತು. ರೈಲೊಂದು ಹೋಯಿತು. ಕಿಟಕಿಯಿಂದ ಒಂದು ಮಗು ಕೈ ಬೀಸಿತು, ನಾನು ಬೀಸಲಿಲ್ಲ. ಡೈರಿಗೆ ಹಾಲು ಒಯ್ಯುತ್ತಿದ್ದ ಪಕ್ಕದ ಹೊಲದ ತಿಮ್ಮೇಶ್ ಬೈಕು ನಿಧಾನ ಮಾಡಿ, ಹಿಂದೆ ಕೂತಿದ್ದ ಹೆಂಡತಿಗೆ ನನ್ನನ್ನು ತೋರಿಸಿದ.

“ಪುಟ್ಟರಂಗಣ್ಣ ಈ ಸಲ ಬೊಂಬೆ ಸುಮಾರಾಗಿ ಮಾಡವ್ನೆ ಕಣೇ. ಹೊಟ್ಟೆಗೆ ಹುಲ್ಲು ಜಾಸ್ತಿ ತುರುಕವ್ನೆ.”

ಹೊಟ್ಟೆಯ ಹುಲ್ಲನ್ನು ನಾನು ಮೊದಲೇ ತೆಗೆದಿದ್ದೆ.

ಆರೂವರೆಯ ಹೊತ್ತಿಗೆ ಗಿಳಿಗಳು ತೆಂಗಿನ ಮರಗಳಿಗೆ ಬಂದವು. ಒಂದೆರಡು ಹೊಲದ ಆಚೆಯ ತುದಿಗೆ ಇಳಿದವು. ಉಳಿದವು ನನ್ನನ್ನೇ ನೋಡುತ್ತಿದ್ದವು. ಇನ್ನು ಹತ್ತು ನಿಮಿಷ ಎಂದುಕೊಳ್ಳುವಾಗ ಬದುವಿನ ಮೇಲೆ ಹೆಜ್ಜೆ ಸಪ್ಪಳವಾಯಿತು. ಕಪ್ಪು ಕನ್ನಡಕ, ತಲೆಗೆ ಟವಲು, ಕೈಯಲ್ಲಿ ಕೋಲು. ಮನೆಯವರ ಕಣ್ಣು ತಪ್ಪಿಸಿ ಮಾವನವರು ಬಂದಿದ್ದರು.

ಹೊಲಕ್ಕೆ ಇಳಿದೇಬಿಡುತ್ತಾರೆಂದುಕೊಂಡೆ. ಬೇಡ ಎಂದು ಕೂಗಿದರೆ ಗಿಳಿಗಳಿಗೆ ಗುಟ್ಟು ತಿಳಿಯುತ್ತದೆ, ನಾಳೆಯಿಂದ ಅವರೇ ಹೊಲದಲ್ಲಿರುತ್ತಾರೆ. ಕೂಗದಿದ್ದರೆ ಈಗಲೇ ಇಳಿಯುತ್ತಾರೆ. ಅವರು ಇಳಿಯಲಿಲ್ಲ. ಬದುವಿನ ಮೇಲೆಯೇ, ನನ್ನಿಂದ ಎಂಟು ಅಡಿ ದೂರದಲ್ಲಿ ನಿಂತರು. ಕೋಲನ್ನು ಪಕ್ಕಕ್ಕೆ ಒರಗಿಸಿದರು. ರಸ್ತೆಗೆ ಬೆನ್ನು ಮಾಡಿದರು. ಪಂಚೆಯನ್ನು ಸಾವಕಾಶವಾಗಿ ಮೇಲೆತ್ತಿ, ನನ್ನ ಎದುರಿಗೇ, ಎಪ್ಪತ್ತು ವರ್ಷದವರಿಗೆ ಬೇಕಾಗುವಷ್ಟು ಹೊತ್ತು ತೆಗೆದುಕೊಂಡು, ತಮ್ಮ ಜಲಬಾಧೆಯನ್ನು ಪರಿಹರಿಸಿಕೊಂಡರು.

ನಾನು ಕದಲಲಿಲ್ಲ. ಇರುವೆ ಆ ಹೊತ್ತಿಗೆ ಎಲ್ಲಿತ್ತೆಂದು ನಾನು ಹೇಳುವುದಿಲ್ಲ, ಆದರೂ ಕದಲಲಿಲ್ಲ. ಕಪ್ಪು ಕನ್ನಡಕ ನೇರವಾಗಿ ನನ್ನ ಕಡೆಗಿತ್ತು. ಆಪರೇಷನ್ ಆದ ಕಣ್ಣಿಗೆ ಎಷ್ಟು ಕಾಣುತ್ತದೆಂದು ಡಾಕ್ಟರನ್ನು ಕೇಳಬೇಕಿತ್ತು ಎಂದುಕೊಂಡೆ. ಅಷ್ಟರಲ್ಲಿ, ಅಲ್ಲಾಡದೆ ನಿಂತ ಅವರನ್ನೂ ಇನ್ನೊಂದು ಬೊಂಬೆಯೆಂದೇ ಬಗೆದವೋ ಏನೋ, ಗಿಳಿಗಳ ಇಡೀ ಗುಂಪು ತೆಂಗಿನ ಗರಿ ಬಿಟ್ಟು, ಹಸಿರು ಸೀರೆ ಬೀಸಿದ ಹಾಗೆ ಹೊಲಕ್ಕೆ ಇಳಿಯಿತು. ಒಂದು ಬಂದು ನನ್ನ ಬಲಗೈ ಮೇಲೆ ಕೂತಿತು. ಇನ್ನೊಂದು ಹೆಗಲ ಮೇಲೆ. ಒಂದು, ಎರಡು ಎಂದು ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿದೆ. ಆಮೇಲೆ ಬಿ.ಎಸ್ಸಿ. ಎಂಬುದನ್ನು ಮರೆತು ಹೋ ಎಂದು ಕೂಗಿ ಮೂರಡಿ ಮೇಲಕ್ಕೆ ಹಾರಿದೆ.

ಗಿಳಿಗಳು ಕೂಗಿದ ಕೂಗು ರೈಲಿನ ಸೀಟಿಯಂತಿತ್ತು. ರೈಲು ಹಳಿ ದಾಟಿದ ಗುಂಪು ತಿರುಗಿ ನೋಡಲಿಲ್ಲ. ರಸ್ತೆಯಲ್ಲಿ, ಡೈರಿಯಿಂದ ಹಿಂದಿರುಗುತ್ತಿದ್ದ ತಿಮ್ಮೇಶ್ ಖಾಲಿ ಕ್ಯಾನಿನ ಸಮೇತ ಬಿದ್ದ. ಹೆಂಡತಿಯನ್ನು ಅವನು ಎತ್ತಲಿಲ್ಲ, ಅವಳೇ ಅವನನ್ನು ಎತ್ತಿದಳು.

ಎಂಟು ಅಡಿ ದೂರದಲ್ಲಿದ್ದ ಮಾವನವರು ಮಾತ್ರ ಬೆಚ್ಚಲಿಲ್ಲ. ಪಂಚೆ ಇಳಿಸಿ, ಕೋಲು ತೆಗೆದುಕೊಂಡು, ಬಂದ ದಾರಿಯಲ್ಲಿ ಹೊರಟರು.

ಮಸಿಯನ್ನು ತೊಳೆದುಕೊಂಡು ನಾನು ತಿಂಡಿಗೆ ಕೂತಾಗ ಅವರು ಆಗಲೇ ಎದುರಿಗೆ ಕೂತಿದ್ದರು. ಹನುಮಂತಮ್ಮನವರು ರೊಟ್ಟಿ ಹಾಕಿದರು. ಮಾನಸಾ, ಗಿಳಿ ಏನಾದವು ಎಂದು ಕೇಳಿದಳು. ಗೊತ್ತು ಬುಡಿ ಬರುವುದೆಂದು ನಾನು ಬಾಯಿ ತೆರೆಯಲಿಲ್ಲ. ಮಾವನವರೇ ಉತ್ತರ ಕೊಟ್ಟರು.

“ಬೊಂಬೆಗೆ ಜೀವ ಬಂತು ಕಣವ್ವ. ಇನ್ನು ನಾನು ಹೊಲದ ತಂಟೆಗೆ ಹೋಗಾಕಿಲ್ಲ.” ಆಮೇಲೆ ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ ಹೇಳಿದರು. “ಅವತ್ತು ನಾನೂವೆ ಅಲ್ಲಾಡ್ಲಿಲ್ಲ ಕಣಪ್ಪ.”

ಅವತ್ತು ಎಂದರೆ ಯಾವತ್ತು ಎಂದು ಮಾನಸಾ ಕೇಳಿದಳು. ನಾವಿಬ್ಬರೂ ರೊಟ್ಟಿ ಚೆನ್ನಾಗಿದೆಯೆಂದೆವು. ಅವಳು ಇವತ್ತಿಗೂ ಕೇಳುತ್ತಿದ್ದಾಳೆ.

ರಜೆ ಮುಗಿದು ಶಾಲೆ ಶುರುವಾದ ಮೇಲೆ ತೇಜಸ್ವಿನಿಯ ಪುಸ್ತಕ ತಿದ್ದಿ ಬಂತು. ಏಳನೆಯ ಚಟುವಟಿಕೆಗೆ ಅವಳು ಅಂಟಿಸಿದ್ದು ನಾನು ನಕ್ಷೆ ಬರೆದು ಮಾಡಿದ ಬೊಂಬೆಯ ಫೋಟೋ ಅಲ್ಲ. ಅದು ಹಕ್ಕಿಗೆ ಕಾಳು ಕೊಡುವ ಆರನೆಯ ಪುಟದಲ್ಲಿತ್ತು. ಏಳನೆಯದಕ್ಕೆ ನನ್ನ ಫೋಟೋ ಹಾಕಿದ್ದಳು. ಹತ್ತಕ್ಕೆ ಎಂಟು ಅಂಕ ಬಂದಿತ್ತು. ಕೆಳಗೆ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು: ಬೊಂಬೆ ಚೆನ್ನಾಗಿದೆ. ಮುಖವನ್ನು ಇನ್ನೂ ಸ್ವಲ್ಪ ಮನುಷ್ಯರ ಹಾಗೆ ಮಾಡಿದ್ದರೆ ಪೂರ್ತಿ ಅಂಕ ಕೊಡಬಹುದಿತ್ತು. ಹದಿಮೂರು ವರ್ಷದಿಂದ ಬೇರೆಯವರ ಮಾಲನ್ನು ತಪಾಸಣೆ ಮಾಡಿ ತಿರಸ್ಕರಿಸುತ್ತ ಬಂದವನು, ಪೋಷಕರ ಸಹಿ ಎಂದಿದ್ದ ಜಾಗದಲ್ಲಿ ಕೈ ತೊಳೆದುಕೊಂಡು ಬಂದು ಸಹಿ ಹಾಕಿದೆ.

ಮಾವನವರ ಕಣ್ಣು ವಾಸಿಯಾಗಿದೆ. ನವಣೆ ಕೊಯ್ಲಾಗಿದೆ. ಈಗ ಅವರು ಬೆಳಿಗ್ಗೆ ಜಗಲಿಯ ಮೇಲೆ ಕೂತು, ಬೀಜದ ನವಣೆಯನ್ನು ಮೊರದಲ್ಲಿ ಕೇರಿ, ಬೇವಿನ ಸೊಪ್ಪು ಬೆರೆಸಿ ಮಡಕೆಗೆ ತುಂಬುತ್ತಾರೆ. ಕೇಳಿಕೊಂಡು ಬಂದವರಿಗೆ ಕೊಡುತ್ತಾರೆ. ಹೊಲದಲ್ಲಿ ನಿಲ್ಲುವ ಕೆಲಸವನ್ನು ಬಿಟ್ಟಿದ್ದಾರೆ. ಅದಕ್ಕೆ ಅಳಿಯನಿದ್ದಾನೆ ಎನ್ನುತ್ತಾರೆ.